ಆಟೋ ಬಟ್ಟೆಯ ಕರಡಿ

ಸುಜಾತಾ, ಪಮ್ಮಿ, ನಿಮ್ಮ ಆಯಿಗೆ, ಅಂದರೆ ನಿಮ್ಮ ಈ ಅಜ್ಜಿಗೆ, ಹೊರಗಿನವರ ಮುಂದೆ ಬಾಯಿ ಬರುವುದಿಲ್ಲ ಎಂಬುದು ಇಷ್ಟರಲ್ಲಿ ನಿಮಗೇ ಗೊತ್ತಾಗಿರಬೇಕು. ಆದರೂ ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಯಾಕೆಂದರೆ ಮುಂದೆ ಬರೆಯುವುದೆಲ್ಲ ನಡೆದದ್ದೇ ಅದರಿಂದ. ಅಂಗಡಿಯವರು ಏನು ಬೇಕು ಎಂದು ಕೇಳಿದ ಕೂಡಲೇ ನನಗೆ ಬೇಕಾದದ್ದರ ಹೆಸರು ಗಂಟಲಲ್ಲೇ ಕೂತುಬಿಡುತ್ತದೆ. ಎದುರಿಗೆ ಕಾಣುವ ಬೇರೆ ಯಾವುದೋ ಒಂದರ ಹೆಸರು ಹೊರಗೆ ಬರುತ್ತದೆ. ಜೀರಿಗೆಗೆಂದು ಹೋಗಿ ಬಟ್ಟೆ ಸಾಬೂನು ತಂದವಳು ನಾನು. ನನ್ನ ತವರೂರು ಕೊಂಕಲ್ಲಿನ ಶಾಲೆಯಲ್ಲಿ ಏಳನೆಯ ತರಗತಿವರೆಗೆ ಓದಿದೆ. ಏಳು ವರ್ಷವೂ ಹಾಜರಿ ಕೂಗುವಾಗ ಕೈ ಎತ್ತಿದೆನೇ ಹೊರತು ಒಮ್ಮೆಯೂ ಬಾಯಿ ಬಿಡಲಿಲ್ಲ. ಹೊಸದಾಗಿ ಬಂದ ಮಾಸ್ತರರೊಬ್ಬರು ನನಗೆ ಮಾತೇ ಬರುವುದಿಲ್ಲವೆಂದು ತಿಳಿದು, ಪಾಪ, ಒಂದು ತಿಂಗಳು ನನ್ನೊಂದಿಗೆ ಕೈಸನ್ನೆಯಲ್ಲೇ ಮಾತಾಡಿದರು. ಅವರ ತಪ್ಪು ತಿದ್ದಲು ನನಗೆ ನಾಚಿಕೆಯಾಯಿತು. ಬರೆಯುವುದಕ್ಕೆ ಮಾತ್ರ ಅಂಥ ನಾಚಿಕೆಯಿಲ್ಲ. ಹಾಳೆ ತಲೆ ಎತ್ತಿ ಮುಖ ನೋಡುವುದಿಲ್ಲವಲ್ಲ.

ನಮ್ಮ ಮನೆಯ ಎರಡು ಗೊಂಬೆ ಕರಡಿಗಳಲ್ಲಿ ಮೊದಲನೆಯದು ಸುಜಾತಾಳ ದೊರಿ. ಅದನ್ನು ಹೊಲಿದಾಗ ಸುಜಾತಾಗೆ ಮೂರು ವರ್ಷ, ಪಮ್ಮಿ ಇನ್ನೂ ಹುಟ್ಟಿರಲಿಲ್ಲ. ಆಗ ಇಲ್ಲಿ ಶಹಾಪುರದಲ್ಲಿ ನಮ್ಮ ಪಕ್ಕದ ಮನೆಯಲ್ಲಿ ನಿವೃತ್ತರಾದ ಡಾಕ್ಟರಮ್ಮ ಒಬ್ಬರಿದ್ದರು. ಅವರಿಗೆ ಗೊಂಬೆ ಹೊಲಿಯುವ ಹುಚ್ಚು. ನಿಮ್ಮ ಅಜ್ಜ ಹೋದ ಮೇಲೆ ನಾನು ಮಧ್ಯಾಹ್ನವೆಲ್ಲ ಗೋಡೆ ನೋಡುತ್ತ ಕೂರುವುದನ್ನು ಕಂಡು, ಒಂದು ದಿನ ಕಾಗದದ ಅಚ್ಚುಗಳನ್ನೂ ಒಂದು ತುಂಡು ಬಟ್ಟೆಯನ್ನೂ ತಂದು ನನ್ನ ಮಡಿಲಿಗೆ ಹಾಕಿದರು. ಪರದೇಶದಲ್ಲಿರುವ ಅವರ ತಂಗಿ ಕಳಿಸಿದ ಬಟ್ಟೆಯಂತೆ. ಹೆಸರು ಮೊಹೇರ್. ಅದು ಒಂದು ಜಾತಿಯ ಆಡಿನ ಕೂದಲು. ಎದುರು ಮನೆಯ ಖಾಜಾಬಿ ಬಂದು ಬಟ್ಟೆಯನ್ನು ಹಿಂದೆ ಮುಂದೆ ಮಗುಚಿ ನೋಡಿ, ಮೊಹರ್ ಎಲ್ಲಿ ಒತ್ತಿದ್ದಾರೆ ಎಂದು ಕೇಳಿದಳು. ಅವರ ಮನೆಯ ಮಾತಿನಲ್ಲಿ ಮೊಹರ್ ಎಂದರೆ ಕಚೇರಿ ಕಾಗದದ ಮೇಲೆ ಒತ್ತುವ ಶಿಕ್ಕಾ. ಅದು ಶಿಕ್ಕಾ ಅಲ್ಲ, ಆಡಿನ ಕೂದಲು ಎಂದೆ. ಖಾಜಾಬಿ ಅಂಗಳದಲ್ಲಿ ಕಟ್ಟಿದ್ದ ತನ್ನ ಆಡಿನ ಕಡೆ ನೋಡಿದಳು, ಆಮೇಲೆ ಬಟ್ಟೆಯ ಕಡೆ ನೋಡಿದಳು. ನನ್ನ ತಲೆ ಕೆಟ್ಟಿದೆ ಎಂದು ಬಾಯಿಬಿಟ್ಟು ಹೇಳಲಿಲ್ಲ, ಅದು ಅವಳ ದೊಡ್ಡತನ.

ಆ ಬಟ್ಟೆ ಒಂದೇ ಕರಡಿಗೆ ಸಾಕಾಯಿತು. ಹೊಟ್ಟೆಗೆ ನಮ್ಮ ಕಡೆಯ ಅರಳೆ, ಕಣ್ಣಿಗೆ ನಿಮ್ಮ ಅಜ್ಜನ ಕರಿ ಕೋಟಿನ ಎರಡು ಗುಂಡಿ. ಸಿಂಹಾಸನದ ಮೇಲಿನ ದೊರೆಯ ಹಾಗೆ ಬೆನ್ನು ಸೆಟೆದು ಕೂತದ್ದನ್ನು ನೋಡಿ ಸುಜಾತಾ ಅದಕ್ಕೆ ದೊರಿ ಎಂದು ಹೆಸರಿಟ್ಟಳು. ಮೊಹೇರಿಗೆ ನೀರು ತಾಗಬಾರದು, ಎಣ್ಣೆ ಕೈ ತಾಗಬಾರದು ಎಂದು ಡಾಕ್ಟರಮ್ಮ ಹೇಳಿದ್ದರಿಂದ ದೊರಿಯ ಜಾಗ ಕಪಾಟಿನ ಮೇಲೆ ಆಯಿತು. ಸಂಜೆ ಕೈ ತೊಳೆದುಕೊಂಡು ಬಂದವರಿಗೆ ಮಾತ್ರ ದರ್ಶನ.

ಪಮ್ಮಿಗೆ ನಾಲ್ಕು ತುಂಬಲು ಬಂದಾಗ ಅವಳೂ ದೊರಿ ಬೇಕೆಂದಳು. ಅಂಥದೇ ಬೇಕು, ಬೇರೆಯದು ಬೇಡ. ಮೊಹೇರ್ ಅಂಗೈಯಷ್ಟೂ ಉಳಿದಿರಲಿಲ್ಲ. ಡಾಕ್ಟರಮ್ಮನ ತಂಗಿಯೂ ಕಳಿಸುವಂತಿರಲಿಲ್ಲ, ಆಕೆ ಕಣ್ಣು ಕಾಣದೆ ಹೊಲಿಗೆ ಬಿಟ್ಟಿದ್ದಳಂತೆ.

ಒಂದು ಕರಡಿಗೆ ಇಷ್ಟು ಚಿಂತೆಯೇ ಎಂದು ನೀವು ನಗಬಹುದು. ನಾನು ಐದಾರು ವರ್ಷದವಳಿದ್ದಾಗ ನಮ್ಮವ್ವ ನನಗೂ ನಮ್ಮಕ್ಕನಿಗೂ ಒಂದೇ ಬಣ್ಣದ ಎರಡು ಲಂಗ ಹೊಲಿದಿದ್ದಳು. ಅಕ್ಕನದು ಹೊಸ ಬಟ್ಟೆ. ನನ್ನದು ಅವ್ವನ ಹಳೆಯ ಸೀರೆಗೆ ಬಣ್ಣ ಹಾಕಿದ್ದು. ಯಾರೂ ಹೇಳಲಿಲ್ಲ, ನನಗೆ ವಾಸನೆಗೇ ಗೊತ್ತಾಯಿತು. ಏನೂ ಅನ್ನಲಿಲ್ಲ, ಅನ್ನುವ ಬಾಯಿ ಎಲ್ಲಿತ್ತು. ಆದರೆ ಅವ್ವ ಹೋಗಿ ಎಷ್ಟೋ ವರ್ಷವಾದರೂ ಆ ವಾಸನೆ ಮೂಗಿನಿಂದ ಹೋಗಿಲ್ಲ. ಪಮ್ಮಿಯ ಮೂಗಿಗೆ ಅಂಥದೊಂದು ವಾಸನೆ ನನ್ನ ಕೈಯಿಂದ ಹತ್ತಬಾರದು, ನನಗಿದ್ದ ಚಿಂತೆ ಇಷ್ಟೇ.

ಡಾಕ್ಟರಮ್ಮ ಆಗಲೇ ಮನೆ ಖಾಲಿ ಮಾಡಿ ಸುರಪುರದಲ್ಲಿ ತಮ್ಮನ ಮಗಳ ಮನೆಗೆ ಹೋಗಿದ್ದರು. ಬಸ್ಸು ಹತ್ತಿ ಹೋಗಿ ಕಷ್ಟ ಹೇಳಿಕೊಂಡೆ. ಅವರು ನಕ್ಕು, ಸಿಂಥೆಟಿಕ್ ಫರ್ ತೆಗೆದುಕೊಳ್ಳಿ, ಈಗ ಇಡೀ ಲೋಕ ಅದರಲ್ಲೇ ಕರಡಿ ಮಾಡುತ್ತದೆ ಎಂದರು. ಮಕ್ಕಳಿಗೆ ಎರಡು ಬಟ್ಟೆಯ ನಡುವಿನ ಫರಕ್ ಗೊತ್ತಾಗುವುದಿಲ್ಲವೇ ಎಂದು ಕೇಳಿದೆ. "ಫರಕ್ ಕಣ್ಣಾಗಿಲ್ರಿ, ಕತ್ತರ್ಯಾಗದ. ಕೂದಲು ಯಾವ ಕಡಿ ಮಲಗ್ಯದ ನೋಡ್ಕೊಂಡು ಕತ್ತರಿಸ್ರಿ. ಇಸ್ತ್ರಿ ಮಾತ್ರ ತೋರಸಬ್ಯಾಡ್ರಿ," ಎಂದರು. ಫರಿಗೂ ಫರಕಿಗೂ ನಡುವೆ ಇರುವುದು ಒಂದೇ ಅಕ್ಷರ ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಯೋಚಿಸುತ್ತ ಬಂದೆ.

ಫರ್ ಎಲ್ಲಿ ಸಿಗುತ್ತದೆ? ಶಹಾಪುರದ ಬಟ್ಟೆ ಅಂಗಡಿಗಳಲ್ಲಿ ಇರಲಿಲ್ಲ. ಯಾದಗಿರಿಗೆ ಒಂದು ಮದುವೆಗೆ ಹೋದಾಗ ಬಸ್ ಸ್ಟ್ಯಾಂಡಿನ ಹತ್ತಿರದ ಒಂದು ಅಂಗಡಿಯ ಬಾಗಿಲಲ್ಲಿ ಕಂದು ಬಣ್ಣದ ಕೂದಲ ಬಟ್ಟೆ ಸುರುಳಿ ಸುತ್ತಿ ನಿಲ್ಲಿಸಿದ್ದು ಕಂಡಿತು. ಥೇಟ್ ದೊರಿಯ ಬಣ್ಣ. ಅದು ಗಾಡಿಗಳ ಸೀಟ್ ಕವರ್ ಹೊಲಿಯುವ ಅಂಗಡಿ. ಒಳಗೆಲ್ಲ ಗಂಡಸರು. ನಾನು ಬಾಗಿಲಲ್ಲೇ ನಿಂತು, ಯಾರೂ ನೋಡದಂತೆ ಸೆರಗಿನ ಮರೆಯಲ್ಲಿ ಬಟ್ಟೆಯ ಮೇಲೆ ಕೈಯಾಡಿಸಿದೆ. ಅಂಗಡಿಯವನು ನೋಡಿಯೇಬಿಟ್ಟ.

"ಬರ್ರಿ ದೊಡ್ಡವ್ವ. ಯಾವ ಗಾಡಿಗಿ ಬೇಕ್ರಿ?"

ಈ ವಯಸ್ಸಿನಲ್ಲಿ ಅಷ್ಟು ಗಂಡಸರ ಮುಂದೆ ಕರಡಿ ಗೊಂಬೆಗೆ ಎಂದು ಹೇಗೆ ಹೇಳಲಿ. ಹೊರಗೆ ಒಂದು ಆಟೋ ನಿಂತಿತ್ತು. ಆಟೋಕ್ಕೆ ಎಂದುಬಿಟ್ಟೆ. ಅವನು ಖುಷಿಯಾಗಿ ಟೇಪು ತೆಗೆದ. ಮುಂದಿನ ಗಾಜಿನ ಕೆಳಗೆ ಹಾಸಲೋ, ಸೀಟಿನ ಬೆನ್ನಿಗೋ ಎಂದು ಕೇಳಿದ. ಬೆನ್ನಿಗೆ ಎಂದೆ, ಆಮೇಲೆ ಹೊಟ್ಟೆಗೂ ಬೇಕು ಎಂದೆ. ಅವನು ಟೇಪು ಹಿಡಿದ ಕೈ ಇಳಿಸಿ, "ಮೂರು ಗಾಲಿದೋ, ನಾಕು ಗಾಲಿದೋ?" ಅಂದ.

ನನ್ನ ಬಾಯಿಗೆ ಏನಾಯಿತೋ ಕಾಣೆ, "ಎರಡು ಕಾಲಿಂದು" ಎಂದು ಬಂದುಬಿಟ್ಟಿತು. ಒಳಗೆ ಹೊಲಿಯುತ್ತಿದ್ದವರ ಮಷೀನು ನಿಂತಿತು. ಅವನು ಒಂದು ಮೀಟರು ಕತ್ತರಿಸಿ ಕೊಟ್ಟ. ಮದುವೆಯ ಊಟದಲ್ಲಿ ಹೋಳಿಗೆಯ ರುಚಿ ನನಗೆ ಹತ್ತಲಿಲ್ಲ.

ಆದರೆ ಮನೆಗೆ ಬಂದು ಆ ಬಟ್ಟೆ ಬಿಚ್ಚಿದ ಮೇಲೆ ನಾಚಿಕೆಯೆಲ್ಲ ಮರೆತುಹೋಯಿತು. ನಾಲ್ಕು ದಿನ ನಾನು ಒಂದು ಕೈಯಲ್ಲಿ ದೊರಿ, ಇನ್ನೊಂದು ಕೈಯಲ್ಲಿ ಫರ್ ಹಿಡಿದು ಕಿಟಕಿಯ ಬೆಳಕಿನಲ್ಲಿ ಕೂತೆ. ಮೊಹೇರಿನ ಕೂದಲನ್ನು ಉಗುರಿನಿಂದ ಸರಿಸಿದರೆ ಬುಡದಲ್ಲಿ ನೇಯ್ದ ಬಟ್ಟೆ ಕಾಣುತ್ತದೆ, ಕಂಬಳಿಯ ಹಾಗೆ ಗಟ್ಟಿ. ಫರಿನ ಬುಡ ನೇಯ್ಗೆಯಲ್ಲ, ಸ್ವೆಟರಿನ ಹಾಗೆ ಹೆಣಿಗೆ, ಎಳೆದರೆ ಬರುತ್ತದೆ. ಮೊಹೇರಿನ ಕೂದಲು ಒಂದೊಂದೂ ತನ್ನಷ್ಟಕ್ಕೆ ನಿಂತಿರುತ್ತದೆ, ಫರಿನದು ಎಲ್ಲ ಒಂದೇ ಕಡೆಗೆ ಮಲಗುತ್ತದೆ. ಬಾಚಣಿಗೆ ಹಾಕಿದೆ. ನಮ್ಮ ಊರಿನ ಒಣ ಬಿಸಿಲಿಗೆ ಅದು ಚಟಚಟ ಎಂದು, ಬಟ್ಟೆ ಹಾರಿ ನನ್ನ ಸೀರೆಗೆ ಅಂಟಿಕೊಂಡಿತು. ಮೊಹೇರ್ ಎಂದೂ ನನ್ನನ್ನು ಹೀಗೆ ತಬ್ಬಿಕೊಂಡಿರಲಿಲ್ಲ.

ಕೊಂಕಲ್ಲಿನಲ್ಲಿ ನಮ್ಮಪ್ಪ ಕಂಬಳಿ ಕೊಳ್ಳುವಾಗ ಒಂದು ಎಳೆ ಕಿತ್ತು ಬೆಂಕಿಗೆ ಹಿಡಿಯುತ್ತಿದ್ದ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು ಬೂದಿಯಾಗುತ್ತದೆ. ಬೆರಕೆಯಾದರೆ ಕರಗಿ ಉಂಡೆಗಟ್ಟುತ್ತದೆ. ನಾನೂ ಫರಿನ ಒಂದು ಎಳೆಯನ್ನು ಗ್ಯಾಸಿನ ಉರಿಗೆ ಹಿಡಿದೆ. ಸಾಸಿವೆ ಕಾಳಿನಷ್ಟು ಕರಿ ಮಣಿಯಾಗಿ ಬೆರಳಿಗೆ ಅಂಟಿತು. ದೊರಿಯ ಒಂದು ಕೂದಲನ್ನೂ ಕೀಳೋಣ ಎನ್ನಿಸಿತು. ಕೈ ಬರಲಿಲ್ಲ. ಒಂದು ವೇಳೆ ಅದೂ ಉಂಡೆಗಟ್ಟಿದರೆ?

ಡಾಕ್ಟರಮ್ಮ ಹೇಳಿದ ಎರಡು ಮಾತನ್ನೂ ನಾನು ಮೀರಿದೆ. ಕೂದಲು ಮಲಗಿದ ಕಡೆ ನೋಡದೆ ದೊಡ್ಡ ಕತ್ತರಿಯಿಂದ ಕೂದಲ ಸಮೇತ ಕತ್ತರಿಸಿದ್ದಕ್ಕೆ ಮನೆ ತುಂಬ ಕಂದು ಕೂದಲು ಹಾರಾಡಿ, ದೋರನಹಳ್ಳಿ ಶಾಲೆಯಲ್ಲಿ ಪಾಠ ಮಾಡಿ ದಣಿದು ಬಂದ ನಿಮ್ಮವ್ವ ಊಟಕ್ಕೆ ಕೂತವಳು ಒಂದು ಎಳೆ ಎತ್ತಿ ಹಿಡಿದು, "ಅತ್ತಿ, ಕರಡಿ ಬ್ಯಾಳ್ಯಾಗ ಬಿದ್ದದ ನೋಡ್ರಿ" ಎಂದಳು. ಆಮೇಲೆ ಬಟ್ಟೆ ತಿರುವಿ, ಹಿಂದಿನಿಂದ ಬ್ಲೇಡಿನಲ್ಲಿ ಬರೀ ಹೆಣಿಗೆಯನ್ನು ಕೊಯ್ಯಲು ಕಲಿತೆ. ಅಷ್ಟರಲ್ಲಿ ಒಂದು ಕಾಲಿನ ಕೂದಲು ಮೇಲ್ಮುಖವಾಗಿ ಹೋಗಿತ್ತು. ಅದನ್ನು ಕೂರಿಸಲು ಹೋಗಿ ಬೆಚ್ಚಗಿನ ಇಸ್ತ್ರಿ ತೋರಿಸಿದೆ. ಪಾದದ ಹತ್ತಿರ ಹುಣಸೆ ಬೀಜದಷ್ಟು ಜಾಗ ಕರಗಿ ನುಣ್ಣಗಾಯಿತು. ಬಟ್ಟೆ ಎಳೆದಂತೆಲ್ಲ ಬರುವುದರಿಂದ ಅರಳೆ ತುಂಬಿದಂತೆಲ್ಲ ಹೊಟ್ಟೆ ಬೆಳೆಯಿತು. ಅದೇ ಅಚ್ಚು, ಅದೇ ಅಳತೆ. ಆದರೆ ದೊರಿ ನೇರವಾಗಿ ಕೂತರೆ, ಇದು ಮದುವೆ ಊಟ ಮುಗಿಸಿ ಗೋಡೆಗೆ ಒರಗಿದವರ ಹಾಗೆ ಕೂತಿತು. ಕಣ್ಣಿಗೆ ಅದೇ ಕರಿ ಕೋಟಿನ ಉಳಿದ ಎರಡು ಗುಂಡಿ ಹಚ್ಚಿದೆ. ಅಷ್ಟಾದರೂ ಸಮ ಇರಲಿ ಎಂದು.

ಪಮ್ಮಿ ಕರಡಿಯನ್ನು ತೆಗೆದುಕೊಂಡು ಹಿಂದೆ ಮುಂದೆ ನೋಡಿ, "ಆಯಿ, ಇದೂ ದೊರಿ ಬಟ್ಟಿನೇ ಏನು?" ಎಂದು ಕೇಳಿದಳು. ನಾನು ಗೋಣು ಹಾಕಿದೆ. ಬಾಯಿಂದ ಹೇಳಲಿಲ್ಲವಾದ್ದರಿಂದ ಅದು ಸುಳ್ಳಲ್ಲ ಎಂದುಕೊಂಡೆ. ಉಳಿದ ಫರನ್ನು ಗಂಟು ಕಟ್ಟಿ ಜೋಳದ ಡಬ್ಬದ ಹಿಂದೆ ಬಚ್ಚಿಟ್ಟೆ.

ಹದಿನೈದು ದಿನ ಎಲ್ಲ ಚೆನ್ನಾಗಿತ್ತು. ಆಮೇಲೆ ಒಂದು ದಿನ ಇಬ್ಬರನ್ನೂ ಕರಕೊಂಡು ಸುರಪುರಕ್ಕೆ ಡಾಕ್ಟರಮ್ಮನ ಮನೆಗೆ ಹೊರಟೆ, ಕರಡಿಗಳೂ ಜೊತೆಗೆ. ಬಸ್ ಸ್ಟ್ಯಾಂಡಿನವರೆಗೆ ಹೋಗಲು ಒಂದು ಆಟೋ ಹತ್ತಿದೆವು. ಹತ್ತಿದ ಮೇಲೆ ನೋಡುತ್ತೇನೆ, ಡ್ರೈವರನ ಮುಂದೆ ಗಾಜಿನ ಕೆಳಗೆ ಉದ್ದಕ್ಕೂ ಅದೇ ಕಂದು ಫರ್ ಹಾಸಿದೆ. ನಾನು ಸೆರಗನ್ನು ಅಗಲ ಮಾಡಿ ಪಮ್ಮಿಯ ಕಣ್ಣಿಗೆ ಅಡ್ಡ ಹಿಡಿದೆ. ಅವಳು ಸೆರಗಿನ ಕೆಳಗಿಂದ ಡ್ರೈವರನ ಪಕ್ಕಕ್ಕೆ ತೂರಿ, ಕೈ ಚಾಚಿ, ಮೊದಲು ಆ ಫರನ್ನು ಸವರಿದಳು. ಆಮೇಲೆ ತನ್ನ ಕರಡಿಯ ಬೆನ್ನು ಸವರಿದಳು. ಮತ್ತೆ ಅದನ್ನು, ಮತ್ತೆ ಇದನ್ನು. ನನಗೆ ನನ್ನ ಲಂಗದ ವಾಸನೆ ಬಂತು.

"ಆಯಿ," ಎಂದಳು ಪಮ್ಮಿ, ಮೆಲ್ಲಗೆ, ಗುಡಿಯಲ್ಲಿ ಮಾತಾಡಿದ ಹಾಗೆ. "ಇದು ನಮ್ಮ ಕರಡಿಯ ಅವ್ವ."

ಡ್ರೈವರು ಹಿಂದೆ ತಿರುಗಿ ನೋಡಿದ. ಮೂಗು ತನಕ ಮುಸುಕು ಎಳೆದುಕೊಂಡ ನನ್ನನ್ನು ನೋಡಿ ಅವನಿಗೆ ಏನು ತಿಳಿಯಿತೋ, "ಹೌದವ್ವಾ, ಇದರ ಮರೀನೇ ಅದ. ಒಂದು ತಿಂಗಳಾತು, ಎಲ್ಲಿ ಹೋಗ್ಯದ ಅಂತ ಹುಡಕ್ಯಾಡಾಕತ್ತಿದ್ದೆ" ಎಂದ. ಪಮ್ಮಿ ತನ್ನ ಕರಡಿಯನ್ನು ಆ ಫರಿನ ಮೇಲೆ ಮಲಗಿಸಿದಳು. ಬಸ್ ಸ್ಟ್ಯಾಂಡ್ ಬರುವತನಕ ಅದು ಅವ್ವನ ಮೇಲೆ ಮಲಗಿ ಗಡಗಡ ನಡುಗುತ್ತ ಬಂತು. ಇಳಿಯುವ ಹೊತ್ತಿಗೆ ಅದಕ್ಕೆ ಹೆಸರೂ ಸಿಕ್ಕಿತ್ತು: ಆಟೋ. ಅಂದಿನಿಂದ ಶಹಾಪುರದ ಆಟೋಗಳೆಲ್ಲ ನಮಗೆ ಬೀಗರು. ಒಂದೊಂದರ ಮುಂದೆಯೂ ನಿಂತು, ಚಿಕ್ಕವ್ವನೋ ಸೋದರತ್ತೆಯೋ ವಿಚಾರಿಸಿ ಮುಂದೆ ಹೋಗಬೇಕು.

ನಾನು ನಿಟ್ಟುಸಿರು ಬಿಡುವಷ್ಟರಲ್ಲಿ ಬಸ್ಸಿನಲ್ಲಿ ಸುಜಾತಾಳ ಮುಖ ನೋಡಿದೆ. ದೊರಿಯನ್ನು ಎದೆಗೆ ಒತ್ತಿಕೊಂಡು ಕಿಟಕಿಯ ಆಚೆ ನೋಡುತ್ತಿದ್ದಳು. ಕಣ್ಣು ತುಂಬಿತ್ತು.

"ದೊರಿಯ ಅವ್ವ ಎಲ್ಲಿ ಅದ ಆಯಿ?"

ಇದನ್ನು ನಾನು ಕನಸಿನಲ್ಲಿಯೂ ಎಣಿಸಿರಲಿಲ್ಲ. ತಂಗಿಯ ಪಾಲಿಗೆ ಕಡಿಮೆಯಾಗದಿರಲಿ ಎಂದು ಇಷ್ಟೆಲ್ಲ ಮಾಡಿದರೆ, ಕಡಿಮೆ ಬಿದ್ದದ್ದು ಅಕ್ಕನಿಗೆ. ದೊರಿಯ ಅವ್ವ ಒಂದು ಆಡು, ದೂರದ ದೇಶದಲ್ಲಿ ಇದೆ ಎಂದೆ. ಅವಳು ಆಡು ಎಂಬುದನ್ನಷ್ಟೇ ಕೇಳಿಸಿಕೊಂಡಳು. ದೂರದ ದೇಶ ಯಾರಿಗೆ ಬೇಕು.

ಸುರಪುರದಿಂದ ಮರಳಿ ಬಂದ ಮರುದಿನ ಬೆಳಿಗ್ಗೆ ಎದುರು ಮನೆಯಿಂದ ಖಾಜಾಬಿಯ ದನಿ ಕೇಳಿತು. "ಅಕ್ಕಾ, ಜಲ್ದಿ ಬರ್ರಿ, ನಿಮ್ಮ ದೊರಿ ಕಿವಿ ನಮ್ಮ ಆಡು ತಿಂದದ." ಓಡಿದೆ. ಸುಜಾತಾ ದೊರಿಯನ್ನು ತಾಯಿಗೆ ತೋರಿಸಲು ಹೋಗಿದ್ದಳು. ತಾಯಿ ಮೂಸಿ ನೋಡಿ, ಎಡಗಿವಿಯನ್ನು ಪೂರ್ತಿ ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ ಜಗಿಯುತ್ತಿದ್ದಳು. ಖಾಜಾಬಿ ಬೆರಳು ಹಾಕಿ ಕಿತ್ತುಕೊಂಡದ್ದು ನಾಲ್ಕು ಎಳೆ ಕೂದಲು ಮಾತ್ರ. ಮಗು ಊರು ಒಂದು ಮಾಡುತ್ತಾಳೆ ಎಂದು ನಾನು ಕಾದೆ. ಸುಜಾತಾ ಆಡನ್ನು ಬಹಳ ಹೊತ್ತು ನೋಡಿ, "ಇದು ಅವ್ವ ಅಲ್ಲ. ಅವ್ವ ಇದ್ದರ ತಿಂತಿದ್ದಿಲ್ಲ" ಎಂದಳು. ಖಾಜಾಬಿ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು, ನಗಲಿಕ್ಕೋ ಅಳಲಿಕ್ಕೋ ಗೊತ್ತಿಲ್ಲ.

ಮನೆಗೆ ಬಂದ ಮೇಲೆ ಪಮ್ಮಿಯೇ ಜೋಳದ ಡಬ್ಬದ ಹಿಂದಿನಿಂದ ಗಂಟು ತಂದು ನನ್ನ ಮುಂದೆ ಇಟ್ಟಳು. ಅದು ಅಲ್ಲಿರುವುದು ಅವಳಿಗೆ ಎಂದಿನಿಂದ ಗೊತ್ತಿತ್ತೋ, ನಾನು ಕೇಳಲಿಲ್ಲ. "ನಮ್ಮ ಆಟೋದ ಬಟ್ಟಿ ದೊರಿ ಕಿವಿಗಿ ಹಚ್ಚು ಆಯಿ," ಎಂದಳು. ಈ ಸಲ ಕೂದಲ ಓಟ ನೋಡಿ, ಬ್ಲೇಡಿನಲ್ಲೇ ಕೊಯ್ದೆ. ಕಿವಿ ಬಹಳ ಚೆಂದ ಕೂತಿತು. ಸುಜಾತಾ ಅದನ್ನು ಸವರಿ ನೋಡಿ, ಈಗ ದೊರಿಗೂ ಊರಲ್ಲಿ ಬಳಗ ಆಯಿತು ಎಂದು ಸಮಾಧಾನಪಟ್ಟಳು. ಅಂದಿನಿಂದ ದೊರಿ ಕಪಾಟು ಹತ್ತಿಲ್ಲ.

ನೀವಿಬ್ಬರೂ ಆಟಕ್ಕೆ ಹೋದ ಮೇಲೆ ನಾನು ಒಳಗೆ ಹೋಗಿ, ಆಡಿನ ಬಾಯಿಂದ ಉಳಿದಿದ್ದ ಕೂದಲಲ್ಲಿ ಒಂದು ಎಳೆಯನ್ನು ಗ್ಯಾಸಿನ ಉರಿಗೆ ಹಿಡಿದೆ. ಉಂಡೆಗಟ್ಟಲಿಲ್ಲ. ಕೂದಲು ಸುಟ್ಟ ವಾಸನೆ ಬಂತು, ಬೂದಿಯಾಯಿತು. ಅಸಲಿ ಮೊಹೇರ್. ಯಾರಿಗಾದರೂ ಹೇಳೋಣವೆಂದು ಹೊರಗೆ ಬಂದೆ. ಅಂಗಳದಲ್ಲಿ ಆಟೋಕ್ಕೆ ಬಕೇಟಿನಲ್ಲಿ ಸ್ನಾನ ನಡೆದಿತ್ತು, ದೊರಿ ಒದ್ದೆ ಕಿವಿ ಜೋತುಬಿಟ್ಟುಕೊಂಡು ಪಾಳಿ ಕಾಯುತ್ತಿತ್ತು. ಮಕ್ಕಳ ಮೂಗಿಗೆ ಏನೂ ಹತ್ತಿರಲಿಲ್ಲ. ಇಷ್ಟು ದಿನ ಮನೆಯೆಲ್ಲ ಮೂಸುತ್ತ ತಿರುಗಿದವಳು ನಾನೊಬ್ಬಳೇ. ಫರಕ್ ಇದ್ದದ್ದು ಎಲ್ಲಿ ಎಂದು ಅವತ್ತು ನನಗೆ ಗೊತ್ತಾಯಿತು, ಮತ್ತು ಎಂದಿನಂತೆ ಬಾಯಿ ಬಿಟ್ಟು ಯಾರಿಗೂ ಹೇಳಲಿಲ್ಲ.

ಅದಕ್ಕೇ ಬರೆದಿಟ್ಟಿದ್ದೇನೆ. ಈ ಹಾಳೆಗಳನ್ನು ಜೋಪಾನವಾಗಿ, ಎತ್ತರದಲ್ಲಿ ಇಡಿ. ಕಪಾಟಿನ ಮೇಲೆ ದೊರಿಯ ಜಾಗ ಹೇಗೂ ಖಾಲಿ ಇದೆ. ಖಾಜಾಬಿಯ ಆಡಿಗೆ ಕಾಗದವೂ ರುಚಿ.