ರಿಮೋಟು ಬಿಚ್ಚಿದ ಸೊಸೆ

ಮಿಕ್ಸರ್ ಕೆಟ್ಟರೆ ಒಂದು ದಿನ ಚಟ್ನಿ ಇಲ್ಲ, ಅಷ್ಟೇ. ಗೀಸರ್ ಕೆಟ್ಟರೆ ಒಲೆಯ ಮೇಲೆ ನೀರು ಕಾಯುತ್ತದೆ. ಟಿವಿ ರಿಮೋಟು ಕೆಟ್ಟಾಗ ಮಾತ್ರ ಮನೆಯ ಒಬ್ಬೊಬ್ಬರೂ ಇಂಜಿನಿಯರ್ ಆಗಿಬಿಡುತ್ತಾರೆ. ನಮ್ಮ ಮನೆಯಲ್ಲಂತೂ ಇದು ವರ್ಷಕ್ಕೆರಡು ಸಲ ನಡೆಯುವ ಕಾರ್ಯಕ್ರಮ.

ನಾನು ಘಾಟ್ಕೋಪರಿನ ಒಂದು ಶಾಲೆಯಲ್ಲಿ ಲ್ಯಾಬ್ ಅಸಿಸ್ಟೆಂಟ್. ಊರು ಧಾರವಾಡ. ಮಕ್ಕಳು ಪ್ರಯೋಗ ಮಾಡುವಾಗ ತಂತಿ ಜೋಡಿಸಿ ಕೊಟ್ಟೂ ಕೊಟ್ಟೂ, ಯಾವ ವಸ್ತು ಕಂಡರೂ ಒಳಗೆ ಏನಿದೆ ಎಂದು ನೋಡುವ ಚಟ ಹತ್ತಿದೆ. ಮನೆಯಲ್ಲಿ ನಮ್ಮವರು, ಅತ್ತೆ, ಕಾಲೇಜಿಗೆ ಹೋಗುವ ಮಗಳು. ನಾಲ್ವರಿಗೂ ಒಂದೇ ಟಿವಿ, ಒಂದೇ ರಿಮೋಟು. ರಿಮೋಟು ಅಂದರೆ ಕೇಬಲ್‌ವಾಲಾ ತನ್ನ ಸೆಟ್‌ಟಾಪ್ ಡಬ್ಬದ ಜೊತೆ ಕೊಟ್ಟದ್ದು. ಚಾನೆಲ್ಲು, ಸೌಂಡು ಎಲ್ಲವೂ ಅದರಿಂದಲೇ.

ಏಟಿನ ಚಿಕಿತ್ಸೆ

ಒಂದು ದಿನ ರಿಮೋಟಿನ ಸೌಂಡ್ ಬಟನ್ ಒತ್ತಿದರೂ ಟಿವಿ ಕದಲಲಿಲ್ಲ. ನಮ್ಮವರ ಹತ್ತಿರ ಇದಕ್ಕೆ ಒಂದು ಕ್ರಮವಿದೆ. ಮೊದಲು ಅಂಗೈ ಮೇಲೆ ಮೂರು ಏಟು. ಆಮೇಲೆ ಹಿಂದಿನ ಮುಚ್ಚಳ ತೆಗೆದು ಸೆಲ್ಲುಗಳನ್ನು ಹೆಬ್ಬೆರಳಲ್ಲಿ ತಿರುಗಿಸುವುದು. ಅದಕ್ಕೂ ಬಗ್ಗದಿದ್ದರೆ ಸೆಲ್ಲುಗಳನ್ನು ಕಿಟಕಿಯ ಗ್ರಿಲ್ಲಿನಲ್ಲಿ ಬಿಸಿಲಿಗೆ ಇಡುವುದು.

"ರೀ, ಬಡದ್ರ ಒಳಗ ಏನಾಗ್ತದ?" ಅಂತ ಕೇಳಿದೆ. ನಿಜವಾಗಿಯೂ ತಿಳಿಯಬೇಕಿತ್ತು ನನಗೆ.

"ಎಚ್ಚರಾಗ್ತದ," ಅಂದರು.

ಈ ಸಲ ಚಿಕಿತ್ಸೆ ವಾರಗಟ್ಟಲೆ ನಡೆಯಿತು. ಬಿಸಿಲಿಗಿಟ್ಟ ಸೆಲ್ಲುಗಳು ಆಗಾಗ ಕಾಣೆಯಾಗುತ್ತಿದ್ದವು. "ನೀನ ಎಲ್ಲೋ ಎತ್ತಿಟ್ಟಿರ್ತಿ" ಎಂದು ನನ್ನ ಮೇಲೆ ಹಾಕಿ ಹೊಸವು ತರುತ್ತಿದ್ದರು. ಒಂದು ಭಾನುವಾರ ಏಟು ಸ್ವಲ್ಪ ಜೋರಾಯಿತು. ಮುಚ್ಚಳ ಹಾರಿತು, ಅದರ ಹಿಂದೆ ಒಂದು ಸೆಲ್ಲು ಹಾರಿ ಗ್ರಿಲ್ಲಿನ ಸಂದಿಯಿಂದ ಮೂರು ಮಹಡಿ ಕೆಳಗೆ ಹೋಯಿತು. ಯಾರ ತಲೆಗೆ ಬಿತ್ತೋ ಎಂದು ಕಿಟಕಿಗೆ ಓಡಿ ಬಗ್ಗಿ ನೋಡಿದೆ. ಐದು ನಿಮಿಷಕ್ಕೆ ಬೆಲ್ ಆಯಿತು. ಬಾಗಿಲಲ್ಲಿ ನಮ್ಮ ಬಿಲ್ಡಿಂಗಿನ ವಾಚ್‌ಮನ್, ಕೈಯಲ್ಲಿ ಸೆಲ್ಲು.

"ಯಾರಿಗೂ ತಾಗಲಿಲ್ಲ ತಾನೇ?" ಹಿಂದಿಯಲ್ಲಿ ಕೇಳಿದೆ.

"ಇಲ್ಲ ಮೇಡಂ. ಆದರೆ ಈ ತಿಂಗಳಲ್ಲಿ ನಿಮ್ಮ ಕಿಟಕಿಯಿಂದ ಬಿದ್ದದ್ದು ಇದು ಮೂರನೆಯದು."

"ಮೊದಲಿನ ಎರಡು ಏನಾದವು?"

ಅವನು ಸಂಕೋಚದಿಂದ ಸೊಂಟದ ಟಾರ್ಚ್ ತೆಗೆದು ನಮ್ಮವರ ಮುಖದ ಮೇಲೇ ಬೆಳಕು ಬಿಟ್ಟ. "ಏಕದಮ್ ಫಸ್ಟ್ ಕ್ಲಾಸ್ ನಡೀತಾ ಇವೆ ಸಾಬ್!"

ದೋಷ ಸೆಲ್ಲಿನದಲ್ಲ ಎಂಬುದು ಅವತ್ತು ಗೊತ್ತಾಯಿತು. ನಮ್ಮವರಿಗೆ ಹೇಳುವ ಅಗತ್ಯ ಬೀಳಲಿಲ್ಲ.

ಕಾಣದ ಬೆಳಕು

ಹಾಗಾದರೆ ದೋಷ ಎಲ್ಲಿದೆ? ನಮ್ಮ ಶಾಲೆಯ ವಿಜ್ಞಾನದ ಟೀಚರ್ ಹತ್ತಿರ ಕೇಳಿದೆ. ರಿಮೋಟಿನ ಮೂತಿಯಲ್ಲಿರುವ ಪುಟ್ಟ ಬಲ್ಬಿನಿಂದ ಬೆಳಕು ಬರುತ್ತದಂತೆ. ನಮ್ಮ ಕಣ್ಣಿಗೆ ಕಾಣುವುದಿಲ್ಲ, ಮೊಬೈಲ್ ಕ್ಯಾಮೆರಾಕ್ಕೆ ಕಾಣುತ್ತದೆ. ಮನೆಗೆ ಬಂದವಳೇ ಚಪ್ಪಲಿ ಬಿಟ್ಟು ಮೊಬೈಲ್ ಹಿಡಿದೆ. ಸೆಲ್ಫಿ ತೆಗೆಯುವ ಕ್ಯಾಮೆರಾ ಎದುರಿಗೆ ರಿಮೋಟು ಹಿಡಿದು ಒಂದರ ಅಂಕಿ ಒತ್ತಿದರೆ, ಅಬ್ಬಾ, ನೇರಳೆ ಬಣ್ಣದ ಚುಕ್ಕೆ ಪಿಳಿಪಿಳಿ ಅನ್ನುತ್ತಿದೆ! ಎರಡು ಒತ್ತಿದೆ, ಮೂರು ಒತ್ತಿದೆ, ಬಂತು. ಸೌಂಡಿನದು ಒತ್ತಿದೆ, ಬರಲಿಲ್ಲ. ಅಂದರೆ ಬಲ್ಬು ಚೆನ್ನಾಗಿದೆ, ಕೆಟ್ಟಿರುವುದು ಬಟನ್ನಿನ ಕೆಳಗೆ.

ನನ್ನ ಸಂತೋಷ ತಡೆಯಲಾರದೆ ಅತ್ತೆಯನ್ನು ಕರೆದು ತೋರಿಸಿದೆ. ಅವರು ಕನ್ನಡಕ ಏರಿಸಿ ಮೊಬೈಲ್ ನೋಡಿದರು, ಬಗ್ಗಿ ರಿಮೋಟು ನೋಡಿದರು, ಮತ್ತೆ ಮೊಬೈಲ್ ನೋಡಿದರು.

"ಇಷ್ಟು ವರ್ಷ ನೀವು ಸೋಫಾದ ಮ್ಯಾಲಿಂದ ಒತ್ತತಿದ್ರಿ, ನಾ ಮುಂದ ಚಾಪಿ ಹಾಸ್ಕೊಂಡು ಕೂಡ್ತಿದ್ದೆ. ಈ ಬೆಳಕು ನನ್ನ ಮೈಗೆ ಬಡೀತಿತ್ತೇನು?"

"ಬಡದ್ರೂ ಏನೂ ಆಗಂಗಿಲ್ಲರೀ ಅತ್ಯಾ."

"ಏನೂ ಆಗಂಗಿಲ್ಲ? ಮತ್ತ ನನ್ನ ಮೊಣಕಾಲು ಯಾಕ ಹಿಡಕೊಂಡಾವ?"

ಮುಂದಿನ ವಾರ ಮೊಣಕಾಲು ತೋರಿಸಲು ಹೋದಾಗ ಡಾಕ್ಟರ ಎದುರೂ ಇದನ್ನೇ ಹೇಳಿದರು. ಡಾಕ್ಟರು ಮರಾಠಿಯವರು, ತಾಳ್ಮೆಯ ಮನುಷ್ಯ. ಪೂರ್ತಿ ಕೇಳಿಸಿಕೊಂಡು, "ಆಜಿ, ಒಂದು ಕೆಲಸ ಮಾಡಿ. ರಿಮೋಟು ಮುಟ್ಟಬೇಡಿ. ಪ್ರತಿ ಸಲವೂ ಎದ್ದು ಹೋಗಿ ಡಬ್ಬದ ಹತ್ತಿರವೇ ಚಾನೆಲ್ ಬದಲಿಸಿ. ನಡೆದಾಡಿದರೆ ಮೊಣಕಾಲು ಸಡಿಲವಾಗುತ್ತೆ," ಎಂದರು.

ಅತ್ತೆ ರಿಕ್ಷಾದಲ್ಲಿ ಕೂತವರೇ ನನ್ನ ಕಡೆ ತಿರುಗಿದರು. "ಕೇಳಿದೇನವಾ? ರಿಮೋಟಿನಿಂದ ಅಂತ ಡಾಕ್ಟರೂ ಅಂದ್ರು."

ಕಾಗೆಯ ಪಾಲು

ರಿಮೋಟು ಬಿಚ್ಚಲೇಬೇಕೆಂದು ನಿರ್ಧರಿಸಿದೆ. ಸೆಲ್ಲಿನ ಗೂಡಿನಲ್ಲಿ ಒಂದು ಸ್ಕ್ರೂ ಇತ್ತು. ಅದನ್ನು ತೆಗೆದು, ಸುತ್ತಲಿನ ಸಂದಿಯಲ್ಲಿ ಹಳೆಯ ಪ್ಲಾಸ್ಟಿಕ್ ಕಾರ್ಡೊಂದನ್ನು ತೂರಿಸಿ ಮೆಲ್ಲಗೆ ಎಬ್ಬಿಸಿದರೆ ಕಟಕಟ ಎಂದು ಎರಡು ಹೋಳಾಯಿತು. ಒಳಗೆ ನಮ್ಮ ಮನೆಯ ಚರಿತ್ರೆಯೇ ಇತ್ತು! ಉಪ್ಪಿಟ್ಟಿನ ರವೆ, ಸೇವಿನ ಚೂರು, ಸತ್ತ ಇರುವೆ ಎರಡು, ಮತ್ತು ಸೌಂಡ್ ಬಟನ್ನಿನ ಕೆಳಗೆ ಅಂಟಂಟಾದ ಕಂದು ಎಣ್ಣೆ. ಮೂಸಿ ನೋಡಿದೆ. ಅತ್ತೆ ತಲೆಗೆ ಹಚ್ಚುವ ಎಣ್ಣೆ.

"ಈಯೂ! ಅಮ್ಮಾ, ಇದು ಎಷ್ಟು ಡರ್ಟಿ ಇದೆ ಯಾರ್! ಕ್ಲೋಸ್ ಮಾಡು!" ಮಗಳ ಕನ್ನಡ ಅಷ್ಟೇ.

ಒಳಗಿನ ಸರ್ಕೀಟಿನ ಹಸಿರು ಪಟ್ಟಿಯನ್ನು ಸ್ಪಿರಿಟ್ಟಿನ ಹತ್ತಿಯಿಂದ ಒರೆಸಿದೆ. ಬಟನ್ನುಗಳೆಲ್ಲ ಒಂದೇ ರಬ್ಬರ್ ಹಾಳೆಯಲ್ಲಿದ್ದವು. ಅದನ್ನು ಸೋಪಿನ ನೀರಲ್ಲಿ ತೊಳೆದು, ಆರಲೆಂದು ಕಿಟಕಿಯ ಗ್ರಿಲ್ಲಿಗೆ ಬಟ್ಟೆಯ ಕ್ಲಿಪ್ಪು ಹಾಕಿ ಸಿಕ್ಕಿಸಿದೆ. ಚಹಾ ಸೋಸಿಕೊಂಡು ಬರುವಷ್ಟರಲ್ಲಿ ಒಂದು ಕಾಗೆ ಬಂದು ಕ್ಲಿಪ್ಪಿನಿಂದ ಕಿತ್ತುಕೊಂಡು ಹೋಯಿತು. ಎದುರಿನ ಬಿಲ್ಡಿಂಗಿನ ಕಿಟಕಿಯ ಕೆಳಗಿನ ಸಿಮೆಂಟಿನ ಛಜ್ಜದ ಮೇಲೆ ಕೂತು, ಒಂದೊಂದೇ ಬಟನ್ನನ್ನು ಕುಕ್ಕಿ ಕುಕ್ಕಿ ನೋಡತೊಡಗಿತು.

ನಮ್ಮ ಎರಡು ಬಿಲ್ಡಿಂಗ್‌ಗಳ ನಡುವೆ ಒಂದು ಸ್ಕೂಟರ್ ಹೋಗುವಷ್ಟು ಗಲ್ಲಿ, ಅಷ್ಟೇ. ಎದುರು ಮನೆಯವರು ಉಡುಪಿ ಕಡೆಯವರು. ವಡಾಲದಲ್ಲಿ ಅವರ ಹೋಟೆಲಿದೆ. ಬೆಳಗಿನ ಹೊತ್ತು ತಾವು ನೋಡಿಕೊಂಡು, ಸಂಜೆಯದನ್ನು ತಮ್ಮನಿಗೆ ಬಿಟ್ಟು ಮನೆಗೆ ಬರುತ್ತಾರೆ. ನಮಗೆಲ್ಲ ಅವರು ಹೋಟೆಲ್ ಅಣ್ಣ. ನಾನು ಕೂಗಿದ್ದಕ್ಕೆ ಕಿಟಕಿಗೆ ಬಂದರು.

"ಎಂತ ಆಯ್ತು ಅಕ್ಕ?"

"ಅಣ್ಣಾ, ಕಾಗಿ! ನಮ್ಮ ರಿಮೋಟಿನ ಬಟನ್ ಒಯ್ದದ!"

ಅವರು ಕೈ ಚಾಚಿ ಓಡಿಸಿದರು. ಪುಣ್ಯಕ್ಕೆ ಅದು ಹಾಳೆಯನ್ನು ಬಿಟ್ಟು ಹಾರಿತು. ಅಣ್ಣ ಅದನ್ನೆತ್ತಿ ಹಿಂದೆ ಮುಂದೆ ತಿರುಗಿಸಿ ನೋಡಿದರು. "ಒಂಬತ್ತನೇ ಬಟನಿಗೆ ಸ್ವಲ್ಪ ಗಾಯ ಆಗಿದೆ ಮಾರಾಯ್ರೇ. ಉಳಿದದ್ದೆಲ್ಲ ಸರಿ ಉಂಟು."

ಓಡಿಹೋಗಿ ತಂದು, ಮತ್ತೆ ತೊಳೆದು, ಒಳಗೇ ಫ್ಯಾನಿನ ಕೆಳಗೆ ಆರಿಸಿ ಜೋಡಿಸಿದೆ. ಸೌಂಡು ಏರಿತು, ಇಳಿಯಿತು. ಒಂಬತ್ತು ಮಾತ್ರ ಎಷ್ಟು ಒತ್ತಿದರೂ ಬರಲಿಲ್ಲ. ನಮ್ಮವರು ನೋಡುವ ವಾರ್ತೆಯ ಚಾನೆಲ್ಲಿನ ನಂಬರಿನಲ್ಲಿ ಎರಡು ಒಂಬತ್ತು. ಅತ್ತೆ ಅವತ್ತಿನಿಂದ ಕಾಗೆಗೆ ದಿನಾ ಅನ್ನ ಇಡುತ್ತಾರೆ.

ಗಂಧದ ಬೊಟ್ಟು

ಕಾಗೆಯ ದೆಸೆಯಿಂದ ನನಗೆ ರಿಮೋಟು ರಿಪೇರಿ ಬರುತ್ತದೆಂದು ಗಲ್ಲಿಯ ಎರಡೂ ಕಡೆ ಗೊತ್ತಾಯಿತು. ಆಯುಧಪೂಜೆ ಕಳೆದು ನಾಲ್ಕು ದಿನಕ್ಕೆ ಹೋಟೆಲ್ ಅಣ್ಣ ತಮ್ಮ ರಿಮೋಟು ಹಿಡಿದು ಬಂದರು. ನಮ್ಮದರ ತದ್ರೂಪು. ಇಡೀ ಗಲ್ಲಿಗೆ ಒಬ್ಬನೇ ಕೇಬಲ್‌ವಾಲಾ ಅಲ್ಲವೇ.

"ನಾಲ್ಕು ದಿವಸದಿಂದ ಇದು ಸತ್ತೇ ಹೋಗಿದೆ ಅಕ್ಕ. ನೀವೊಮ್ಮೆ ಹೊಟ್ಟೆ ಸೀಳಿ ನೋಡಿ."

ಮೊಬೈಲ್ ಹಿಡಿದೆ. ಎಲ್ಲ ಬಟನ್ನಿಗೂ ಬೆಳಕು ಬಂತು. ನಮ್ಮ ಟಿವಿಯ ಕಡೆ ತೋರಿಸಿದೆ, ಸಾಕಿದ ಗಿಳಿಯ ಹಾಗೆ ಹೇಳಿದ್ದು ಕೇಳಿತು. ಅವರು ಖುಷಿಯಿಂದ ಒಯ್ದರು. ಹತ್ತು ನಿಮಿಷಕ್ಕೆ ವಾಪಸು. "ನಿಮ್ಮ ಮನೆಯಲ್ಲಿ ನಡೆಯುತ್ತದೆ, ನಮ್ಮ ಮನೆಯಲ್ಲಿ ನಡೆಯುವುದಿಲ್ಲ. ಇದೆಂಥ ನಖರಾ?"

ಇಂಥದ್ದು ಕೇಳಿದ ಮೇಲೆ ನನಗೆ ಕೂತಲ್ಲಿ ಕೂರಲಾಗುತ್ತದೆಯೇ? ಅವರ ಹಿಂದೆಯೇ ಹೊರಟೆ. ನಮ್ಮವರೂ ನೋಡಲು ಬಂದರು. ಅಲ್ಲಿ ಟಿವಿ ಕೆಳಗಿನ ಡಬ್ಬಕ್ಕೆ ಆಯುಧಪೂಜೆಯ ಹೂವು ಏರಿಸಿದ್ದರು. ಅದರ ಮುಂಭಾಗದಲ್ಲಿ ಉದ್ದಿನ ಬೇಳೆಯಷ್ಟು ಅಗಲದ ಕಪ್ಪು ಗಾಜು ಇರುತ್ತದೆ, ರಿಮೋಟಿನ ಬೆಳಕು ಒಳಗೆ ಹೋಗುವುದು ಅಲ್ಲಿಂದಲೇ. ಸರಿಯಾಗಿ ಅದರ ಮೇಲೆ ದಪ್ಪಗೆ ಗಂಧ, ನಡುವೆ ಕುಂಕುಮ.

"ಅಕ್ಕಾ, ಇಲ್ಲಿ ಬೊಟ್ಟು ಇಟ್ಟವರು ಯಾರು?"

ಅಣ್ಣನ ಹೆಂಡತಿ ಸೆರಗಿಗೆ ಕೈ ಒರೆಸುತ್ತ ಬಂದರು. "ನಾನೇ. ಡಬ್ಬದಲ್ಲಿ ಬೇರೆಲ್ಲ ಬೋಳು, ಅಲ್ಲೊಂದು ಕಣ್ಣಿನ ಹಾಗೆ ಕಂಡಿತು. ಇಡುವುದಾದರೆ ಅಲ್ಲಿಗೇ ಅಲ್ಲವಾ?"

"ಬೊಟ್ಟು ಹಣೀಗೆ ಇಡ್ತಾರ್ರೀ," ಎಂದರು ನಮ್ಮವರು. "ಕಣ್ಣಿಗೆ ಇಟ್ರ ಪಾಪ, ಅದಕ್ಕರ ಹೆಂಗ ಕಾಣಬೇಕು?"

ತಾನೇ ಬದಲಾಗುವ ಟಿವಿ

ಇದಾಗಿ ಹತ್ತು ದಿನವಿರಬೇಕು. ಅಕ್ಟೋಬರಿನ ಸೆಕೆ. ಎಲ್ಲರ ಕಿಟಕಿ, ಪರದೆ ಪೂರಾ ತೆರೆದಿದ್ದವು. ಸಂಜೆ ಅತ್ತೆ ಸೀರಿಯಲ್ ನೋಡುತ್ತಿದ್ದರು. ಅದರಲ್ಲಿನ ಸೊಸೆ ಅಳುತ್ತಿದ್ದಳು. ಇದ್ದಕ್ಕಿದ್ದಂತೆ ಅವಳ ಜಾಗದಲ್ಲಿ ಕಬಡ್ಡಿ ಬಂತು.

"ಯಾರು ಒತ್ತಿದ್ರಿ?"

ರಿಮೋಟು ಅವರ ಮಡಿಲಲ್ಲೇ ಇತ್ತು. ಮತ್ತೆ ಸೀರಿಯಲ್ ಹಾಕಿದರು. ಎರಡು ನಿಮಿಷಕ್ಕೆ ಸೌಂಡು ತಾನಾಗಿ ಏರಿತು. ಸೆಲ್ಲು ತೆಗೆದಿಟ್ಟೆವು. ಆದರೂ ಚಾನೆಲ್ ಬದಲಾಯಿತು! ಅತ್ತೆ ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ.

"ಸುಮ್ಮನಿದ್ದದ್ದನ್ನ ಬಿಚ್ಚಿದಿ. ಒಳಗ ಏನೋ ಇತ್ತು, ಹೊರಗ ಬಿಟ್ಟಿ."

ನಾನು ಒಂದು ನೋಟ್‌ಬುಕ್ ಇಟ್ಟು ಯಾವಾಗ ಏನಾಗುತ್ತದೆಂದು ಬರೆಯತೊಡಗಿದೆ. ಮಧ್ಯಾಹ್ನ ಏನೂ ಆಗುವುದಿಲ್ಲ. ಸಂಜೆ ಆರರ ಮೇಲೆ ಆಗುತ್ತದೆ. ಜಾಹೀರಾತು ಬರುವ ಹೊತ್ತಿಗೆ ಹೆಚ್ಚು. ಭೂತಕ್ಕೆ ಜಾಹೀರಾತು ಸೇರುವುದಿಲ್ಲ ಎಂಬಲ್ಲಿಗೆ ನನ್ನ ಸಂಶೋಧನೆ ನಿಂತಿತ್ತು.

ಅಷ್ಟರಲ್ಲಿ ಶನಿವಾರ ಬಂತು. ವಿಜಯಪುರದಲ್ಲಿರುವ ಅತ್ತೆಯ ತಂಗಿಯ ಮೊಮ್ಮಗಳು ಕನ್ನಡ ಚಾನೆಲ್ಲಿನ ಮಕ್ಕಳ ಹಾಡಿನ ಸ್ಪರ್ಧೆಯಲ್ಲಿ ಹಾಡುವವಳಿದ್ದಳು. ಅತ್ತೆ ತಮ್ಮ ಭಜನಾ ಮಂಡಳಿಯ ಏಳು ಮಂದಿಯನ್ನು ಕರೆದಿದ್ದರು. ಗೋರೆಗಾಂವಿನಿಂದ ಲೋಕಲ್ ಹಿಡಿದು, ನಡುವೆ ಮೆಟ್ರೋಗೆ ಬದಲಿಸಿ ಬಂದಿದ್ದರು ಪಾಪ. ಅತ್ತೆ ಬೆಳಿಗ್ಗೆಯೇ ನನಗೆ ಹೇಳಿದ್ದರು: "ಇವತ್ತೊಂದಿನ ಟಿವಿ ಮರ್ಯಾದಿಲೆ ನಡದ್ರ ಸಾಕು. ಇಲ್ಲಾಂದ್ರ ನಾಳಿಂದ ನೀ ಸ್ಕ್ರೂಡ್ರೈವರ್ ಮುಟ್ಟಂಗಿಲ್ಲ."

ಎಂಟು ಮಂದಿ ಮುದುಕಿಯರು ಉಸಿರು ಬಿಗಿಹಿಡಿದು ಕೂತರು. ಹುಡುಗಿ ಬಂದಳು, ಲಂಗ ಸರಿಪಡಿಸಿಕೊಂಡಳು, ಮೈಕ್ ಹಿಡಿದಳು, ಬಾಯಿ ತೆರೆದಳು. "ಕಬಡ್ಡಿ ಕಬಡ್ಡಿ ಕಬಡ್ಡಿ..."

ಮನೆಯಲ್ಲಿ ಹಾಹಾಕಾರ. ನಮ್ಮವರು ರಿಮೋಟು ಬಡಿಯತೊಡಗಿದರು. ನನಗೇನು ತೋಚಿತೋ, ಮೊಬೈಲ್ ತೆಗೆದು ಸೆಲ್ಫಿ ಕ್ಯಾಮೆರಾ ಹಾಕಿ ಕೋಣೆಯ ಸುತ್ತ ತಿರುಗಿಸಿದೆ. ಕಿಟಕಿಯ ಕಡೆ ಬಂದಾಗ ತೆರೆಯ ಮೇಲೆ ನೇರಳೆ ಚುಕ್ಕೆ ಪಿಳಿಪಿಳಿ ಅಂದಿತು. ಎದುರು ಮನೆಯಲ್ಲಿ! ಹೋಟೆಲ್ ಅಣ್ಣ ಬನಿಯನ್ನಿನಲ್ಲಿ ಕೂತು ರಿಮೋಟು ನಮ್ಮ ಕಡೆಗೇ ಚಾಚಿದ್ದಾರೆ. ಅವರ ಮನೆಗೆ ಹೊಸ ಕಪಾಟು ಬಂದಿತ್ತು, ಟಿವಿಯನ್ನು ಕಿಟಕಿಯ ಕೆಳಗೆ ಸರಿಸಿದ್ದರು. ಅವರು ತಮ್ಮ ಟಿವಿಗೆ ಹೊಡೆದ ಬೆಳಕು ಕಿಟಕಿ ದಾಟಿ, ಗಲ್ಲಿ ದಾಟಿ, ನಮ್ಮ ಡಬ್ಬದ ಕಣ್ಣಿಗೆ ಬೀಳುತ್ತಿತ್ತು.

"ಅಣ್ಣಾ! ರಿಮೋಟು ಕೆಳಗಿಡ್ರಿ! ನಮ್ಮನಿ ಟಿವಿ ನಡಸ್ಲಿಕತ್ತೀರಿ!"

ಅಣ್ಣ ಬೆಚ್ಚಿ ಎರಡೂ ಕೈ ಮೇಲೆತ್ತಿದರು, ಪೊಲೀಸರು ಬಂದಂತೆ. ಅಷ್ಟರಲ್ಲಿ ನಮ್ಮ ರಿಮೋಟಿನ ಸೆಲ್ಲು ಸೋಫಾದ ಕೆಳಗೆ ಉರುಳಿತ್ತು. ಅತ್ತೆ ಮೊಣಕಾಲು ನೋವು ಮರೆತು ಕಿಟಕಿಗೆ ಧಾವಿಸಿದರು.

"ಇಡಬ್ಯಾಡ್ರಿ! ಮದಲ ಕನ್ನಡ ಚಾನೆಲ್ ಹಚ್ರಿ! ಕೂಸು ಹಾಡ್ಲಿಕತ್ತದ!"

ಅಣ್ಣ ಗಡಿಬಿಡಿಯಿಂದ ನಂಬರು ಒತ್ತಿದರು. ಎರಡೂ ಮನೆಯಲ್ಲಿ ಒಟ್ಟಿಗೇ ಹುಡುಗಿ ಹಾಡಿದಳು. ನಮಗೆ ಒಂದು ಸಾಲು ತಪ್ಪಿತ್ತಷ್ಟೇ. ಹಾಡು ಮುಗಿದಾಗ ಗಲ್ಲಿಯ ಆ ಕಡೆಯಿಂದಲೂ ಚಪ್ಪಾಳೆ ಕೇಳಿಸಿತು. "ಭಾರೀ ಲಾಯ್ಕ ಹಾಡಿತು ಅಮ್ಮ ಹುಡುಗಿ!" ಅತ್ತೆಯ ಮುಖ ಊರಗಲವಾಯಿತು. ನನ್ನ ಸ್ಕ್ರೂಡ್ರೈವರ್ ಉಳಿಯಿತು.

ಮರುದಿನ ಒಂದು ಪರದೆ ಎಳೆದರೆ ಎಲ್ಲ ಸರಿಯಾಗುತ್ತಿತ್ತು. ನಾನು ಎಳೆಯಲು ಹೋದೆ. ಅತ್ತೆ ಬಿಡಲಿಲ್ಲ.

"ಇರ್ಲಿ ಬಿಡು, ಗಾಳಿ ಬರ್ತದ."

ಕಳೆದ ವಾರ ಮಗಳು ಉತ್ಸಾಹದಿಂದ ಬಂದಳು. "ಅಜ್ಜೀ, ಈಗ ಹೊಸ ರಿಮೋಟ್ ಇದೆ, ಬಟನ್ ಪ್ರೆಸ್ ಮಾಡೋದೇ ಬೇಡ. ಬೋಲ್ನೇಕಾ, ಬಸ್. ನೀನು ಹೇಳಿದ್ದು ಅದು ಕೇಳುತ್ತೆ. ನಿನಗೆ ತರ್ಲಾ?"

"ಅದೇನ ಹೊಸಾದು?" ಅಂದರು ಅತ್ತೆ, ಚಾಪೆಯ ಮೇಲಿಂದ ಕದಲದೆ. ಕಿಟಕಿಯ ಕಡೆ ಕತ್ತು ತಿರುಗಿಸಿ ದನಿ ಏರಿಸಿದರು. "ಹೋಟೆಲ್ ಅಣ್ಣಾ, ಸೌಂಡ್ ಸ್ವಲ್ಪ ಹೆಚ್ಚ ಮಾಡ್ರಿ!"

"ಆಯ್ತು ಅಮ್ಮ," ಅಂದಿತು ಗಲ್ಲಿಯ ಆ ಕಡೆ. ನಮ್ಮ ಟಿವಿಯ ಸೌಂಡು ಮೂರು ಗೆರೆ ಏರಿತು.