ದವಡೆಯಲ್ಲಿ ಸಿಕ್ಕ ನಿಷಾದ

ಹಲ್ಲಿನ ಡಾಕ್ಟರು ಸಂಗೀತದ ಪ್ರಾಥಮಿಕ ಪರೀಕ್ಷೆಗೆ ಮೂರನೆಯ ಸಲ ಕಟ್ಟಿದ್ದರು. ಅದು ಅವತ್ತೇ ಸಂಜೆ ಐದಕ್ಕೆ. ಶ್ರುತಿ ಎಂದರೇನು, ಸ್ವರಸ್ಥಾನ ಎಷ್ಟು ಎಂದರೆ ನಿದ್ದೆಗಣ್ಣಲ್ಲೂ ಒಪ್ಪಿಸುತ್ತಿದ್ದರು. ಯಾರಾದರೂ ಒಂದು ಸ್ವರ ಹಾಡಿ "ಇದು ಯಾವುದು?" ಎಂದರೆ ಮಾತ್ರ ಕಣ್ಣುಕಣ್ಣು ಬಿಡುತ್ತಿದ್ದರು.

"ಈ ಸಲಾನೂ ಫೇಲಾದ್ರೆ ಹಾರ್ಮೋನಿಯಂ ನನ್ನ ತಮ್ಮನ ಮನೆಗೆ. ಅವನಿಗೆ ಹೇಳಿಯೂ ಆಗಿದೆ" ಎಂದು ಹೆಂಡತಿ ಬೆಳಿಗ್ಗೆಯೇ ಖಡಾಖಂಡಿತವಾಗಿ ಹೇಳಿದ್ದಳು. ನುಡಿಸಲು ಬಾರದಿದ್ದರೂ ಡಾಕ್ಟರಿಗೆ ಆ ಪೆಟ್ಟಿಗೆಯೆಂದರೆ ಪ್ರಾಣ.

ಮೊದಲು ಬಂದವನು ಅಂಚೆಯವನು. ಕೊರೆಯುವ ಯಂತ್ರ ಝುಂ ಎಂದಿತು, ಹಲ್ಲಿಗೆ ತಾಗಿತು, ಅಂಚೆಯವನು "ಆ..." ಎಂದ. ಡಾಕ್ಟರ ಕೈ ನಿಂತಿತು. ಯಂತ್ರವೂ ಅಂಚೆಯವನೂ ಒಂದೇ ಶ್ರುತಿ!

"ಷಡ್ಜ!" ಎಂದು ಕೂಗಿ ಅವನ ಚೀಟಿಯ ಮೇಲೆ ಬರೆದರು.

ಅಲ್ಲಿಂದ ಅರಿವಳಿಕೆಯ ಸೂಜಿ ಬೀರುವಿನಲ್ಲೇ ಉಳಿಯಿತು. ದರ್ಜಿಯ ಹೆಂಡತಿ ರಿಷಭ ಕೊಟ್ಟಳು. ದಿನಸಿ ಅಂಗಡಿಯವನು ಗಾಂಧಾರದಲ್ಲಿ ಚೀರಿ, ಹೊರಗೆ ಬಂದು ಎದೆಯುಬ್ಬಿಸಿ ಕೂತ. ಸುಮ್ಮನೆ ಹಲ್ಲು ತೊಳೆಸಲು ಬಂದಿದ್ದ ಟೀಚರಮ್ಮನಿಗೆ ತಡೆಯಲಾಗಲಿಲ್ಲ. "ಡಾಕ್ಟ್ರೇ, ನಂಗೂ ಸ್ವಲ್ಪ ನೋವು ಮಾಡಿ. ನಂದು ಯಾವ್ದು ಅಂತ ಗೊತ್ತಾಗ್ಲಿ" ಎಂದು ಬಾಯಿ ತೆರೆದರು. ಮೂರು ಗಂಟೆಯ ಹೊತ್ತಿಗೆ ಆರು ಸ್ವರ ಕೈಗೆ ಬಂದವು. ನಿಷಾದವೊಂದು ಬಾಕಿ.

ಆಗ ದವಡೆ ಊದಿಸಿಕೊಂಡ ಮುದುಕರೊಬ್ಬರು ಬಂದರು. ಯಂತ್ರ ತಾಗಿತೋ ಇಲ್ಲವೋ, "ಅಯ್ಯೋ!" ಎಂದರು.

"ನಿ! ನಿಷಾದ ಸಿಕ್ತು!" ಡಾಕ್ಟರು ಕುಣಿದರು.

ಮುದುಕರು ಯಂತ್ರವನ್ನು ತಳ್ಳಿದರು. "ನಿಷಾದ ಅಲ್ಲ ರೀ, ಧೈವತ. ಹಲ್ಲಿಗೆ ತಾಗಿದ ಕೂಡ್ಲೆ ನಿಮ್ಮ ಯಂತ್ರದ ಶ್ರುತಿ ಇಳಿಯುತ್ತೆ. ಷಡ್ಜವೇ ಜಾರಿದ ಮೇಲೆ ಇನ್ಯಾವ ಸ್ವರ ನಿಲ್ಲುತ್ತೆ?"

"ನಿಮಗೇನು ಗೊತ್ತು ಸ್ವಾಮಿ?"

"ಇಪ್ಪತ್ತು ವರ್ಷದಿಂದ ಪರೀಕ್ಷೆ ಮಾಡ್ತಿದೀನಿ. ಇವತ್ತು ಐದಕ್ಕೂ ಒಂದಿದೆ. ಯಾರೋ ಹಲ್ಲಿನ ಡಾಕ್ಟರಂತೆ."

ಡಾಕ್ಟರು ಮುದುಕರ ಮೇಲೆಯೇ ಬಾಗಿದರು. "ಹಾಗಾದ್ರೆ... ನಾನು ಫೇಲಾ ಸಾರ್?" ಎನ್ನುವಾಗ ಅವರ ಕೈಯಲ್ಲಿ ಯಂತ್ರ ತಿರುಗುತ್ತಲೇ ಇತ್ತು, ಅದೇ ಹಲ್ಲಿಗೆ ಮತ್ತೆ ತಾಗಿತು.

"ಅಯ್ಯಯ್ಯೋ, ಪಾಸು! ಪಾಸು! ಫಸ್ಟ್ ಕ್ಲಾಸು!"

ಹೊರಗೆ ಕಾಯುತ್ತಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಡಾಕ್ಟರು ಹೆಂಡತಿಗೆ ಫೋನು ಮಾಡಿ ಸುದ್ದಿ ಹೇಳಿದರು. ಆಮೇಲೆ ಸೂಜಿ ಹಾಕಿ, ಮಗುವಿನ ಕೆನ್ನೆ ಸವರುವಷ್ಟು ಮೃದುವಾಗಿ ಹಲ್ಲು ತುಂಬಿದರು.

ಮುದುಕರು ಎದ್ದು ಬಾಯಿ ಮುಕ್ಕಳಿಸಿ, ಚೀಲದಿಂದ ಐದು ಗಂಟೆಯ ಪರೀಕ್ಷೆಯ ಹಾಳೆ ತೆಗೆದು ದೊಡ್ಡದಾಗಿ 'ಅನುತ್ತೀರ್ಣ' ಎಂದು ಬರೆದರು.

"ಸಾರ್, ಈಗ್ತಾನೆ ಪಾಸು ಅಂದ್ರಲ್ಲ!"

"ಅದೇ ಡಾಕ್ಟ್ರೇ ನೀವು ಕಲೀಬೇಕಾದ ಮೊದಲ ಪಾಠ. ನೋವಲ್ಲಿ ಬಾಯಿಂದ ಬಿದ್ದದ್ದನ್ನೆಲ್ಲ ನಿಜ ಅಂತ ಹಿಡೀಬಾರ್ದು."

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಹೆಂಡತಿಗೆ ಖುಷಿಯೋ ಖುಷಿ. "ರೀ, ತಮ್ಮ ಆಗ್ಲೇ ಗಾಡಿ ತಗೊಂಡು ಬಂದುಬಿಟ್ಟಿದ್ದ. ನೀವು ಪಾಸಾದ್ರಿ ಅಂತ ಈಗಷ್ಟೇ ಬರಿಗೈಲಿ ವಾಪಸ್ ಕಳಿಸಿದೆ."

ಡಾಕ್ಟರು ಹಾಳೆಯ ಕಡೆ ನೋಡಿದರು.

"ಒಂದು ಸಲ ಕೂಗಿ ನೋಡು. ಇನ್ನೂ ಗೇಟ್ ಹತ್ರಾನೇ ಇರ್ಬೋದು."