ಜೀಪಿನ ರೇಡಿಯೇಟರೂ ಮಾವನ ಗೇಣೂ

ನಮ್ಮ ಸೋದರಮಾವ ತಮ್ಮ ಮಗಳಿಗೆ ಗಂಡು ಗೊತ್ತು ಮಾಡಿದ್ದು ಒಂದೇ ಮಧ್ಯಾಹ್ನದಲ್ಲಿ. ಹುಡುಗನ ಮನೆಯಲ್ಲಿ ಚಹಾ ಕುಡಿದರು, ‘ಆಗ್ಲಿ’ ಅಂದರು, ಎದ್ದು ಬಂದರು. ಅದೇ ಮಹಾಶಯರು ತಮ್ಮ ಹಳೇ ಜೀಪಿಗೆ ಒಂದು ರೇಡಿಯೇಟರ್ ಆರಿಸಲು ತೆಗೆದುಕೊಂಡದ್ದು ಪೂರ್ತಿ ಮೂರು ತಿಂಗಳು! ಈಗ ನೀವೇ ಹೇಳಿ, ಇಂಥವರನ್ನು ಏನೆಂದು ಕರೆಯೋಣ? ನಮ್ಮತ್ತೆ ಏನೆಂದು ಕರೆಯುತ್ತಾರೋ ಅದನ್ನು ಅಚ್ಚು ಹಾಕುವಂತಿಲ್ಲ.

ದೇವದುರ್ಗದ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿ ನಿವೃತ್ತರಾದ ಮಾವ, ಯಾವುದೋ ಹರಾಜಿನಲ್ಲಿ ಈ ಜೀಪನ್ನು ಕೊಂಡರು. ಅದರ ಬಾಗಿಲು ಒಳಗಿನಿಂದ ತೆರೆಯುವುದಿಲ್ಲ. ಹಾರ್ನು ತಿರುವಿನಲ್ಲಿ ತಾನಾಗಿಯೇ ಕೂಗುತ್ತದೆ. ಆದರೆ ನಮ್ಮವ್ವನಿಗೆ ಅದೇ ಪುಷ್ಪಕ ವಿಮಾನ. ರಾಯಚೂರಿನಲ್ಲಿ ನನ್ನ ಜೊತೆಗಿರುವ ಅವ್ವನ ಮೊಣಕಾಲು ಆಪರೇಷನ್ ಆದ ಮೇಲೆ ಸರಿಯಾಗಿ ಮಡಚುವುದಿಲ್ಲ. ಬಸ್ಸಿನಲ್ಲಾಗಲಿ ಕಾರಿನಲ್ಲಾಗಲಿ ಕೂರಲಾಗದು. ಜೀಪಿನ ಹಿಂದಿನ ಉದ್ದನೆಯ ಸೀಟಿನಲ್ಲಿ ಮಾತ್ರ ಕಾಲು ಚಾಚಬಹುದು. ವರ್ಷಕ್ಕೊಮ್ಮೆ ಗೂಗಲ್ ಕ್ಷೇತ್ರಕ್ಕೆ ಹೋಗಿ, ಅಲ್ಲಮಪ್ರಭುವಿಗೆ ಕೈಮುಗಿದು, ಕೃಷ್ಣೆಯಲ್ಲಿ ಕಾಲು ಇಳಿಬಿಟ್ಟು ಕೂರುವುದು ಅವಳ ಒಂದೇ ಆಸೆ. ಆಪರೇಷನ್ನು, ವಿಶ್ರಾಂತಿ ಅಂತ ಎರಡು ವರ್ಷ ಅದು ತಪ್ಪಿಹೋಗಿತ್ತು.

ಮೂರನೆಯ ವರ್ಷ ಹೊರಟೆವು. ಮಸರಕಲ್ ಹತ್ತಿರ ಬರುವಷ್ಟರಲ್ಲಿ ಬಾನೆಟ್ಟಿನಿಂದ ಬುಸ್ಸೆಂದು ಉಗಿ ಎದ್ದಿತು. ಎಂಜಿನ್ನನ್ನು ತಣ್ಣಗಿಡಬೇಕಾದ ರೇಡಿಯೇಟರೇ ಜರಡಿಯಾಗಿತ್ತು! ಮಾವ ಕುಡಿಯುವ ನೀರನ್ನೆಲ್ಲ ಸುರಿದರು. ಸಾಲಲಿಲ್ಲ. ಊಟಕ್ಕೆಂದು ತಂದಿದ್ದ ಒಗ್ಗರಣೆ ಮಜ್ಜಿಗೆಯನ್ನೂ ಸುರಿದರು.

“ಮಜ್ಜಿಗಿ ತಂಪಲ್ಲೇನು?” ಅಂದರು. ಮೂವತ್ತು ವರ್ಷ ವಿಜ್ಞಾನ ಕಲಿಸಿದವರ ಮಾತಿದು!

ಐದು ನಿಮಿಷದಲ್ಲಿ ರಸ್ತೆ ತುಂಬ ಕರಿಬೇವಿನ ಘಮ. ಬೈಕಿನಲ್ಲಿ ಹೋಗುತ್ತಿದ್ದವನೊಬ್ಬ ನಿಂತು, “ಊಟ ಚಾಲೂ ಅದೇನ್ರೀ?” ಎಂದು ಕೇಳಿದ.

ಅವ್ವ ಗೂಡ್ಸ್ ಆಟೋದಲ್ಲಿ ಹತ್ತಿಯ ಚೀಲಗಳ ಮೇಲೆ ಕಾಲು ಚಾಚಿಕೊಂಡು ರಾಯಚೂರಿಗೆ ವಾಪಸಾದಳು. ಜೀಪಿನಿಂದ ಇಳಿಯುವಾಗ ಮಾವನಿಗೆ, “ಇರ್ಲಿ ಬಿಡು ತಮ್ಮಾ, ಮುಂದಿನ ವರ್ಷ ನಾ ಇದ್ರ ನೋಡೋಣು,” ಅಂದಳು. ಅಷ್ಟೇ ಅಂದದ್ದು. ಮಾವನಿಗೆ ಆ ಮಾತು ತಡೆಯಲಾಗಲಿಲ್ಲ.

ಮರುದಿನವೇ ಫೋನು ಬಂತು. ರಾಯಚೂರಿನಲ್ಲಿ ಹೊಸ ರೇಡಿಯೇಟರ್ ನೋಡು, ಅಳತೆ ಬರೆದುಕೋ ಎಂದರು.

“ಅಗಲ ಎರಡು ಗೇಣು ಮೂರು ಬಟ್ಟು. ಎತ್ತರ ಎರಡು ಗೇಣು ಒಂದು ಬಟ್ಟು.”

“ಮಾವಾ, ಟೇಪ್ ಹಿಡದು ಹೇಳ್ರಿ.”

“ಟೇಪ್ ಸಂತ್ಯಾಗ ತಗೊಂಡದ್ದು, ಜಗ್ಗಿದ್ರ ಬೆಳಿತದ. ನನ್ನ ಗೇಣು ಬೆಳಿಯಂಗಿಲ್ಲ.”

ನಾನು ಅಂಗಡಿಯಲ್ಲಿ ನನ್ನ ಗೇಣಿನಲ್ಲಿ ಅಳೆದು ಒಂದನ್ನು ಒಯ್ದೆ. ಮಾವನ ಅಂಗೈ ರೊಟ್ಟಿ ಬೇಯಿಸುವ ಹಂಚಿನಷ್ಟಿದೆ ಎಂಬುದನ್ನು ಮರೆತೇಬಿಟ್ಟಿದ್ದೆ. ಒಯ್ದದ್ದು ಜೀಪಿನೊಳಗೆ ಅಣ್ಣನ ಅಂಗಿ ತೊಟ್ಟ ತಮ್ಮನ ಹಾಗೆ ಅಲ್ಲಾಡತೊಡಗಿತು. “ನಿನ್ನ ಕೈ ಇಷ್ಟು ಸಣ್ಣದದ ಅಂತ ಮೊದಲ ಹೇಳಬಾರದೇನು?” ಅಂದರು ಮಾವ. ತಪ್ಪು ನನ್ನದೇ ಎಂದು ತೀರ್ಪಾಯಿತು.

ಹಳೆಯದನ್ನೇ ಬಿಚ್ಚಿ ತರಲು ಅಂಗಡಿಯವರು ಹೇಳಿಕಳಿಸಿದರು. ಮಾವ ಅದನ್ನು ಕೌದಿಯಲ್ಲಿ ಸುತ್ತಿ, ಬಸ್ಸಿನ ಕಿಟಕಿ ಪಕ್ಕದ ಸೀಟಿನಲ್ಲಿ ಕೂರಿಸಿ, ತಾವು ಅದರ ಪಕ್ಕ ಕೂತರು.

“ಇದಕ್ಕೂ ಟಿಕೀಟ್ ತಗೀರಿ ಯಜಮಾನ್ರ,” ಕಂಡಕ್ಟರ್ ಅಂದ.

“ಪೇಷಂಟ್ ಅದ ತಮ್ಮಾ. ದವಾಖಾನಿಗಿ ಒಯ್ಯಾಕತ್ತೀನಿ.”

ಕಂಡಕ್ಟರ್ ಕೌದಿ ಎತ್ತಿ ನೋಡಿದ. “ಭಾಳ ಸೊರಗ್ಯದ್ರಿ,” ಎಂದು ಲಗೇಜ್ ಚೀಟಿ ಹರಿದುಕೊಟ್ಟ.

ರಾಯಚೂರಿನ ಅಂಗಡಿಯಾತ ಈ ಸಲ ಮಾವನನ್ನೇ ಕಂಡು ಥಟ್ಟನೆ ಎದ್ದು ನಿಂತ. ಅವರ ಹಳೆಯ ಶಿಷ್ಯ! ಅಲ್ಲಿಂದ ಮುಂದೆ ಅಂಗಡಿ ಪರೀಕ್ಷಾ ಕೇಂದ್ರವಾಯಿತು. ಒಂದೊಂದು ರೇಡಿಯೇಟರಿಗೂ ನೀರು ತುಂಬಿಸಿ, ಎದುರಿಗೆ ಸ್ಟೂಲ್ ಹಾಕಿಕೊಂಡು, ಹನಿ ಬರುತ್ತದೋ ಎಂದು ಮಾವ ಅರ್ಧರ್ಧ ಗಂಟೆ ಕಾದರು. ಸಂತೆಯಲ್ಲಿ ಕೊಡ ಕೊಳ್ಳುವವರಂತೆ ಬೆರಳಿನಿಂದ ಬಡಿದು ಸದ್ದು ಕೇಳಿದರು. ನೋಟ್‌ಬುಕ್ಕಿನಲ್ಲಿ ಅಂಕವನ್ನೂ ಬರೆದುಕೊಂಡರು!

“ಇದು ಅಲ್ಯೂಮಿನಿಯಂ ಸರ್, ಭಾಳ ಹಗುರ,” ಅಂದ ಶಿಷ್ಯ.

“ಹಗುರ ಯಾಕ ಬೇಕೋ? ನಾ ಏನ್ ತಲಿಮ್ಯಾಲ ಹೊತ್ಕೊಂಡು ತಿರುಗ್ತೀನೇನು?”

“ಇದು ಕಂಪನಿದಲ್ಲ, ಆದ್ರ ಥೇಟ್ ಕಂಪನಿ ಮಾಲಿನಂಗ ಅದ.”

“ಅಂದ್ರ ಕಾಪಿ ಹೊಡದದ್ದು. ನನ್ನ ಕೈಯಾಗ ಕಾಪಿ ಹೊಡದೋರು ಪಾಸಾಗ್ಯಾರೇನು?”

ಸಂಜೆಯ ಹೊತ್ತಿಗೆ ಏಳಕ್ಕೆ ಏಳೂ ಫೇಲು. ಶಿಷ್ಯ ಕೈಮುಗಿದ. “ಸರ್, ಆಗ ನನ್ನ ಪಾಸ್ ಮಾಡಲಿಲ್ಲ, ಈಗ ನನ್ನ ಅಂಗಡೀನೂ ಪಾಸ್ ಮಾಡವಲ್ರಿ.”

ಹೀಗೇ ವಾರಗಳು ಉರುಳಿದವು. ಇತ್ತ ಅವ್ವ ಗೂಗಲ್ಲಿನ ಸುದ್ದಿ ಎತ್ತುವುದನ್ನೇ ಬಿಟ್ಟಳು. ನನಗೂ ಸಿಟ್ಟು ಬಂತು. “ಯಾವದರ ಒಂದು ಹಾಕಿಸ್ರಿ ಮಾವಾ. ಅವ್ವ ಕಾಯಾಕತ್ತ್ಯಾಳ,” ಎಂದು ಫೋನಿನಲ್ಲೇ ರೇಗಿದೆ.

“ಯಾವದರ ಒಂದು ಹಾಕಿಸಿದ್ರ ಮತ್ತ ನಡುದಾರ್ಯಾಗ ನಿಂದ್ರತದ. ಅಕ್ಕ ಇನ್ನೊಮ್ಮಿ ಅಲ್ಲಿಂದ ತಿರುಗಿ ಬರಬಾರದು,” ಎಂದು ಫೋನಿಟ್ಟರು.

ಕೊನೆಗೆ ಮಾನ್ವಿಯಲ್ಲಿ ಒಬ್ಬ ಮುದುಕ ಮಿಸ್ತ್ರಿ ಸಿಕ್ಕ. ಹೊಸದೇ ಬೇಡ, ಹಳೆಯದರ ಮೇಲಿನ, ಕೆಳಗಿನ ತೊಟ್ಟಿಗಳನ್ನು ಇಟ್ಟುಕೊಂಡು ನಡುವಿನ ಜಾಲರಿಯನ್ನು ತಾಮ್ರದಲ್ಲಿ ಹೊಸದಾಗಿ ಕಟ್ಟಿಕೊಡುತ್ತೇನೆ ಎಂದ. ಅಳತೆಗೆ ಟೇಪು ಹುಡುಕಲಿಲ್ಲ, ಸೀದಾ ಗೇಣು ಹಾಕಿದ! ಮಾವ ತಮ್ಮ ಅಂಗೈಯನ್ನು ಅವನ ಅಂಗೈಗೆ ಒತ್ತಿ ನೋಡಿದರು. ಕೂದಲೆಳೆಯ ವ್ಯತ್ಯಾಸವಿಲ್ಲ. ಸಂಬಂಧ ಅಲ್ಲೇ ಕುದುರಿತು.

“ನಾ ಕಟ್ಟಿದ್ದು ಇಪ್ಪತ್ತು ವರ್ಷ ಬಾಳಿಕಿ ಬರ್ತದ್ರಿ,” ಎಂದ ಮಿಸ್ತ್ರಿ, ಹಳೆಯದನ್ನು ಬಿಚ್ಚುತ್ತಾ. ಆಮೇಲೆ ಕಣ್ಣು ಕಿರಿದು ಮಾಡಿ ಕೇಳಿದ: “ಒಳಗ ಕರಿಬೇವು ಹೆಂಗ ಬಂತ್ರಿ?”

ಮಾವ ಕೆಮ್ಮಿದರು.

ಹೋದ ತಿಂಗಳು ಅವ್ವನನ್ನು ಹತ್ತಿಸಿಕೊಂಡು ಹೊರಟೆವು. ಮಸರಕಲ್ ದಾಟುವಾಗ ಮೂವರೂ ಉಸಿರು ಬಿಗಿಹಿಡಿದಿದ್ದೆವು. ಜೀಪು ತಣ್ಣಗೆ ದಾಟಿತು. ಗೂಗಲ್ಲಿನಲ್ಲಿ ದೇವರಿಗೆ ಕೈಮುಗಿದ ಅವ್ವ, ಹೊಳೆಯ ಮೆಟ್ಟಿಲ ಮೇಲೆ ಕೂತು ಮಡಚದ ಕಾಲನ್ನು ನೀರಿಗೆ ಚಾಚಿದಳು. ಅವಳ ಮುಖ ಅಷ್ಟು ಅರಳಿದ್ದನ್ನು ಕಂಡು ಎಷ್ಟೋ ದಿನವಾಗಿತ್ತು.

ಮಾವ ಮಾತ್ರ ನೀರಿಗಿಳಿಯಲಿಲ್ಲ. ಜೀಪಿಗೆ ಒರಗಿ ನಿಂತು, ಬೆರಳು ಮಡಚುತ್ತಾ ಏನೋ ಎಣಿಸುತ್ತಿದ್ದರು.

“ಏನ್ ಎಣಸಾಕತ್ತೀರಿ ಮಾವಾ?”

“ಮಿಸ್ತ್ರಿ ಇಪ್ಪತ್ತು ವರ್ಷ ಅಂದ. ಅಕ್ಕಗ ಈಗ ಎಪ್ಪತ್ತೆರಡು.”

ಅವರು ಅವ್ವನ ಕಡೆಗೇ ನೋಡುತ್ತಿದ್ದರು. ಕಣ್ಣು ತುಂಬಿದ್ದವು. ಮೂರು ತಿಂಗಳು ಇವರ ಮೇಲೆ ಸಿಟ್ಟಾಗಿದ್ದ ನಾನು ಹೋಗಿ ಅವರ ಪಕ್ಕ ಜೀಪಿಗೆ ಒರಗಿ ನಿಂತೆ.

“ಸಾಲಂಗಿಲ್ಲ ಅಳಿಯಾ,” ಅಂದರು ಮಾವ. “ಇನ್ನೂ ಗಟ್ಟಿದು ನೋಡಬೇಕಾಗಿತ್ತು.”